ಹಾರ್ಲೆ ಊರಲ್ಲಿ ಹೋಂಡಾ ಓಡಿಸುವಾಗ

ನಾನಿರುವ ಅಮೆರಿಕದ ಮಿಲ್ವಾಕಿ ಹಾರ್ಲೆ-ಡೇವಿಡ್ಸನ್ ಅನ್ನೋ ಬೈಕ್ ಕಂಪನಿ ಹುಟ್ಟಿದ ಊರು. 1903ರಲ್ಲಿ ವಿಲಿಯಂ ಹಾರ್ಲೆ, ಆರ್ಥರ್ ಡೇವಿಡ್ಸನ್ ಅನ್ನೋ ಇಬ್ಬರು ಹುಡುಗರು ಹಿತ್ತಲಿನ ಸಣ್ಣ ಮರದ ಶೆಡ್ಡಿನಲ್ಲಿ ಇದನ್ನು ಶುರುಮಾಡಿದರು. ಇವತ್ತು ಇಲ್ಲಿ ಹಾರ್ಲೆಗೆ ದೊಡ್ಡ ಮ್ಯೂಸಿಯಂ ಇದೆ. ಕಿವಿಯೋಲೆಯಿಂದ ಹಿಡಿದು ನಾಯಿಯ ಪಟ್ಟಿಯವರೆಗೆ ಎಲ್ಲದರ ಮೇಲೂ ಹಾರ್ಲೆ ಗುರುತು ಕಾಣುತ್ತದೆ. ಇಂಥ ಊರಲ್ಲಿ ನಾನು ಓಡಿಸುವುದು ಜಪಾನಿನ ಕಂಪನಿಯಾದ ಹೋಂಡಾದ ಬೈಕು.

ನವೆಂಬರಿನಿಂದ ಹೆಚ್ಚುಕಮ್ಮಿ ಏಪ್ರಿಲ್‌ವರೆಗೆ ಬೈಕಿನ ಮಾತೇ ಇಲ್ಲ. ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಕಬ್ಬಿಣವನ್ನೆಲ್ಲ ತಿಂದುಬಿಡುತ್ತದೆ. ಹಾಗಾಗಿ ಗಾಡಿಗಳು ಗ್ಯಾರೇಜಿನಲ್ಲಿ ಬೆಡ್‌ಶೀಟ್ ಹೊದ್ದು ಮಲಗಿರುತ್ತವೆ. ಏಪ್ರಿಲಿನಲ್ಲಿ ಮಳೆ ಬಂದು ಉಪ್ಪು ತೊಳೆದುಹೋದ ಮೊದಲ ಭಾನುವಾರ ನೋಡಬೇಕು, ಇಡೀ ಊರೇ ಗುಡುಗುತ್ತದೆ. ಎದುರು ಬರುವ ಸವಾರರು ಎಡಗೈಯನ್ನು ಕೆಳಕ್ಕೆ ಚಾಚಿ ಎರಡು ಬೆರಳು ತೋರಿಸುತ್ತಾರೆ. ಅದು ಇಲ್ಲಿಯ ಬೈಕಿನವರ ನಮಸ್ಕಾರ. ಕೆಲವು ಹಾರ್ಲೆಯವರು ಮಾತ್ರ ನನ್ನ ಟ್ಯಾಂಕಿನ ಮೇಲಿನ ಹೆಸರು ಕಂಡ ಕೂಡಲೇ ಕೈಯನ್ನು ಹ್ಯಾಂಡಲ್ಲಿಗೇ ಅಂಟಿಸಿಕೊಂಡು ಮುಂದೆ ಹೋಗುತ್ತಾರೆ.

ಸಣ್ಣ ವಿಷಯ ಅನ್ನಿಸಬಹುದು. ಆದರೆ ಇದರ ಬೇರು ತುಂಬಾ ಆಳಕ್ಕೆ ಇಳಿದಿದೆ. ಜಪಾನಿನ ಬೈಕ್ ಓಡಿಸೋದಕ್ಕಿಂತ ನನ್ನ ಹಾರ್ಲೆಯನ್ನು ತಳ್ಳಿಕೊಂಡು ಹೋಗೋದೇ ಮೇಲು ಅಂತ ಸ್ಟಿಕ್ಕರ್ ಹಾಕಿಕೊಳ್ಳುವವರಿದ್ದಾರೆ. ತಳ್ಳೋದು ನಿಮಗೆ ಅಭ್ಯಾಸ ಆಗಿದೆಯಲ್ಲ ಅಂತ ಈ ಕಡೆಯವರ ಉತ್ತರ. ಅಲ್ಲಿಯವರೆಗೆ ಪರವಾಗಿಲ್ಲ. ಅಕ್ಕಿ ಸುಡೋ ಗಾಡಿ ಅಂತ ಇನ್ನೊಂದು ಬೈಗುಳ ಇದೆ, ಅದು ಬೈಕಿಗೆ ಬೀಳುವ ಬೈಗುಳವೇ ಅಲ್ಲ. ಅನ್ನ ತಿನ್ನುವವರ ಮೇಲೆ ಬೀಳುವುದು. ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಜಪಾನಿನ ಮೇಲಿನ ಸಿಟ್ಟು ಒಂದು ಕಾಲದಲ್ಲಿ ಎಷ್ಟು ಕೆಟ್ಟದಾಗಿತ್ತು ಅಂದರೆ, 1982ರಲ್ಲಿ ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕಿನಲ್ಲಿ ವಿನ್ಸೆಂಟ್ ಚಿನ್ ಎಂಬ ಚೀನೀ ಮೂಲದ ಯುವಕನನ್ನು ಕಾರು ಉದ್ಯಮದ ಇಬ್ಬರು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದರು. ಆತ ಜಪಾನಿನವನೂ ಅಲ್ಲ. ಹೊಡೆದವರು ಜೈಲು ಶಿಕ್ಷೆಯನ್ನೂ ಅನುಭವಿಸಲಿಲ್ಲ.

ಪಕ್ಕದ ಮನೆಯ ಹಿರಿಯರು ಆ ಬೈಗುಳ ಬಳಸುವವರಲ್ಲ, ಆದರೆ ಅಪ್ಪಟ ಹಾರ್ಲೆ ಮನುಷ್ಯ. ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಲೇಥ್ ಮೇಲೆ ಜೀವನ ಕಳೆದವರು. ಅವರ ಹತ್ತಿರ 90ರ ದಶಕದ ಒಂದು ಹಾರ್ಲೆ ಇಲೆಕ್ಟ್ರಾ ಗ್ಲೈಡ್ ಇದೆ. ನಾನು ಹಳೇ ಹೋಂಡಾ ಶ್ಯಾಡೋ ತಂದು ನಿಲ್ಲಿಸಿದ ದಿನ ಅವರು ಬೇಲಿಯ ಆಚೆಯಿಂದ ಬಹಳ ಹೊತ್ತು ನೋಡಿದರು. ಆಮೇಲೆ ಬಂದು, “ಇದನ್ನು ಈ ಊರಲ್ಲಿ ಓಡಿಸ್ತೀಯಾ?” ಅಂದರು.

“ಇದು ಜಪಾನಿನದ್ದಲ್ಲ, ನೋಡಿ ಬೇಕಾದರೆ” ಅಂದೆ.

ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ಫೋರ್ಕಿನ ಹಿಂದೆ, ಫ್ರೇಮಿನ ಕುತ್ತಿಗೆಯ ಮೇಲೆ ಕೆತ್ತಿದ ಚಾಸಿ ನಂಬರ್ ತೋರಿಸಿದೆ. ಗ್ರೀಸು ಕಟ್ಟಿತ್ತು. ಅವರೇ ಜೇಬಿನಿಂದ ಬಟ್ಟೆ ತೆಗೆದು ಒರೆಸಿ, ಕನ್ನಡಕ ಹಣೆಗೆ ಏರಿಸಿ ಬಗ್ಗಿದರು. ಮೊದಲ ಅಕ್ಷರ 1. ಹಾಗಂದರೆ ಅಮೆರಿಕದಲ್ಲೇ ತಯಾರಾದ ಗಾಡಿ. ಜಪಾನಿನಲ್ಲಿ ಆಗಿದ್ದರೆ ನಂಬರ್ ಜೆ ಅಕ್ಷರದಿಂದ ಶುರುವಾಗಬೇಕಿತ್ತು. “ಓಹಾಯೋ” ಅಂತ ಗೊಣಗಿದರು. ಹೋಂಡಾ 1979ರಲ್ಲೇ ಓಹಾಯೋದ ಮೇರಿಸ್‌ವಿಲ್‌ನಲ್ಲಿ ಬೈಕ್ ಕಾರ್ಖಾನೆ ತೆರೆದಿತ್ತು, 2009ರವರೆಗೆ ನಡೆಸಿತು. ದೂರ ಪ್ರಯಾಣಕ್ಕೆ ಅಂತಲೇ ಇರುವ ಹೋಂಡಾದ ದೊಡ್ಡ ಗೋಲ್ಡ್ ವಿಂಗ್ ಬೈಕುಗಳು ಬರುತ್ತಿದ್ದದ್ದೂ ಅಲ್ಲಿಂದಲೇ. ಆ ಮೇಲೆ ನಾನು ಅವರ ಗಾಡಿಯ ಹತ್ತಿರ ಹೋಗಿ ಕಾರ್ಬ್ಯುರೇಟರ್ ತೋರಿಸಿದೆ. ಕೆಯ್ಹಿನ್. ಮುಂದಿನ ಫೋರ್ಕ್ ಶೋವಾ. ಎರಡೂ ಜಪಾನಿನ ಕಂಪನಿಗಳೇ. ಅವರಿಗೆ ಇದೇನು ಗೊತ್ತಿಲ್ಲದ್ದಲ್ಲ. “ಇಂಜಿನ್ ನಮ್ಮದು” ಅಂದರು. ಅಷ್ಟು ಹೇಳಿ ಒಳಗೆ ಹೋಗಿ ಎರಡು ಕಪ್ ಕಾಫಿ ತಂದರು.

ಅವರ ಜೊತೆ ಮಾತಾಡುತ್ತಾ ಬೈಕಿನ ಇತಿಹಾಸ ಹೊಸದಾಗಿ ಅರ್ಥವಾಯಿತು. 1959ರಲ್ಲಿ ಹೋಂಡಾ ಲಾಸ್ ಏಂಜಲಿಸಿನಲ್ಲಿ ಅಂಗಡಿ ತೆರೆದು 50 ಸಿಸಿಯ ಪುಟ್ಟ ಗಾಡಿ ಮಾರಿದಾಗ ಹಾರ್ಲೆಯವರು ತಲೆ ಕೆಡಿಸಿಕೊಳ್ಳಲಿಲ್ಲ. ಅದು ಕಾಲೇಜು ಹುಡುಗರ ಆಟದ ಸಾಮಾನು ಅಂದುಕೊಂಡರು. ಹತ್ತು ವರ್ಷಕ್ಕೆ, 1969ರಲ್ಲಿ, ಹೋಂಡಾದ ದೊಡ್ಡ ಬೈಕು ಸಿಬಿ750 ಬಂತು. ಸಾಲಾಗಿ ನಾಲ್ಕು ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕ್, ಬಟನ್ ಒತ್ತಿದರೆ ಸ್ಟಾರ್ಟ್. ಎಣ್ಣೆ ಸೋರುವುದಿಲ್ಲ. ಅದೇ ವರ್ಷ ಹಾರ್ಲೆಯನ್ನು ಎಎಂಎಫ್ ಅನ್ನೋ ಕಂಪನಿ ಕೊಂಡುಕೊಂಡಿತು. ಗಾಡಿ ಜಾಸ್ತಿ ತಯಾರಿಸಬೇಕು ಅನ್ನೋ ಆತುರದಲ್ಲಿ ಗುಣಮಟ್ಟ ನೆಲ ಕಚ್ಚಿತು. ಶೋರೂಮಿನಲ್ಲಿ ನಿಂತ ಹೊಸ ಹಾರ್ಲೆಯ ಕೆಳಗೂ ಎಣ್ಣೆ ಹೀರಲು ರಟ್ಟು ಹಾಕಬೇಕಿತ್ತು ಅಂತ ಹಾರ್ಲೆ ಪ್ರೀತಿಸುವವರೇ ಹೇಳುತ್ತಾರೆ. 1981ರಲ್ಲಿ ಹಾರ್ಲೆಯ 13 ಮಂದಿ ಅಧಿಕಾರಿಗಳು ಸಾಲ ಮಾಡಿ ಕಂಪನಿಯನ್ನು ವಾಪಸ್ ಕೊಂಡರು. ಅಷ್ಟರಲ್ಲಿ ಜಪಾನಿನಲ್ಲಿ ಹೋಂಡಾಗೂ ಯಮಹಾಗೂ ತಮ್ಮ ತಮ್ಮಲ್ಲೇ ಜಿದ್ದು ಬಿದ್ದಿತ್ತು. ನಂಬರ್ ಒನ್ ನಾವಾಗುತ್ತೇವೆ ಅಂದಿತು ಯಮಹಾ. ಹೋಂಡಾ ಒಂದೂವರೆ ವರ್ಷದಲ್ಲಿ ನೂರಕ್ಕೂ ಹೆಚ್ಚು ಮಾಡೆಲ್ ಇಳಿಸಿತು. ಮಾರಾಟವಾಗದ ಗಾಡಿಗಳು ಅಮೆರಿಕದ ಗೋದಾಮುಗಳಲ್ಲಿ ರಾಶಿ ಬಿದ್ದವು, ಬೆಲೆ ಇಳಿಯಿತು. ಅವರಿಬ್ಬರ ಜಗಳಕ್ಕೆ ಮಿಲ್ವಾಕಿಯ ಜನ ಕೆಲಸ ಕಳೆದುಕೊಂಡರು.

ಇದನ್ನು ಕೇಳುವಾಗ ಮೈಸೂರಿನವನಾದ ನನಗೆ ಯಾದವಗಿರಿ ನೆನಪಾಗದೆ ಇರುವುದಿಲ್ಲ.

ಅಲ್ಲಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1961ರಲ್ಲಿ ಶುರುವಾಯಿತು. ಮೊದಲು ಜಾವಾ, ಆಮೇಲೆ ಯೆಜ್ದಿ. ಎರಡು ಸೈಲೆನ್ಸರ್, ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್ ಲಿವರ್. ನಮ್ಮ ಬೀದಿಯಲ್ಲೂ ಅಲ್ಲಿ ಕೆಲಸ ಮಾಡುವವರಿದ್ದರು. ಬೆಳಿಗ್ಗೆ ಸೈರನ್ ಆದರೆ ಟಿಫಿನ್ ಕ್ಯಾರಿಯರ್ ಹಿಡಿದು ಹೊರಡುತ್ತಿದ್ದ ಆ ಮುಖಗಳಲ್ಲಿ ಒಂದು ಗತ್ತಿತ್ತು. 80ರ ದಶಕದ ನಡುವೆ ಜಪಾನಿನ ನೂರು ಸಿಸಿ ಗಾಡಿಗಳು ಬಂದವು. ಇಂಡ್-ಸುಜುಕಿ, ಹೀರೋ ಹೋಂಡಾ ಸಿಡಿ100, ಯಮಹಾ ಆರ್‌ಎಕ್ಸ್100, ಕವಾಸಾಕಿ ಬಜಾಜ್. ಹಗುರ, ಪೆಟ್ರೋಲ್ ಕಮ್ಮಿ, ಕಾಟ ಇಲ್ಲ. ಯೆಜ್ದಿ ತಾಳಲಿಲ್ಲ. ಹೊಗೆ ನಿಯಮವೂ ಬಿಗಿಯಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ನಮ್ಮ ವಯಸ್ಸಿನ ಹುಡುಗರು ಆರ್‌ಎಕ್ಸ್ ಮೇಲೋ ಯೆಜ್ದಿ ಮೇಲೋ ಅಂತ ಟೀ ಅಂಗಡಿ ಮುಂದೆ ಗಂಟಲು ಹರಿದುಕೊಳ್ಳುತ್ತಿದ್ದೆವು. ಯೆಜ್ದಿ ಪರ ಮಾತಾಡುವವನ ಮನೆಯಲ್ಲಿ ಅದರ ಸಂಬಳ ಬರುತ್ತಿತ್ತು ಅನ್ನೋದನ್ನು ಆಗ ಯಾರೂ ಯೋಚಿಸುತ್ತಿರಲಿಲ್ಲ.

ಅದಕ್ಕೇ ಇಲ್ಲಿಯ ಹಾರ್ಲೆಯವರ ಅಭಿಮಾನ ಸುಮ್ನೆ ಹುಂಬತನ ಅಂತ ನನಗೆ ಅನ್ನಿಸುವುದಿಲ್ಲ. ಊರಿಗೆ ಅನ್ನ ಹಾಕಿದ ಗಾಡಿ ಅದು. ಮಿಲ್ವಾಕಿ ಉಳಿಯಿತು, ಯಾದವಗಿರಿ ಉಳಿಯಲಿಲ್ಲ.

ಉಳಿದದ್ದು ಹೇಗೆ ಅನ್ನೋದನ್ನೂ ಹೇಳಬೇಕು. 1983ರಲ್ಲಿ ಅಧ್ಯಕ್ಷ ರೇಗನ್ 700 ಸಿಸಿಗಿಂತ ದೊಡ್ಡ ವಿದೇಶಿ ಬೈಕುಗಳ ಸುಂಕವನ್ನು 4.4ರಿಂದ ಒಂದೇ ಸಲಕ್ಕೆ 49.4 ಪ್ರತಿಶತಕ್ಕೆ ಏರಿಸಿದರು. ಐದು ವರ್ಷದಲ್ಲಿ ಹಂತಹಂತವಾಗಿ ಇಳಿಸುವ ಲೆಕ್ಕ. ಜಪಾನಿನವರು ಸುಮ್ಮನೆ ಕೂರಲಿಲ್ಲ, 750ರ ಇಂಜಿನ್ನನ್ನು 700ರ ಒಳಗೆ ಕುಗ್ಗಿಸಿ ಕಳಿಸಿದರು. ಹಾಗಾಗಿ ಬರೀ ಸುಂಕದಿಂದ ಹಾರ್ಲೆ ಬದುಕಿತು ಅನ್ನೋದನ್ನು ನಾನು ಒಪ್ಪುವುದಿಲ್ಲ. ಹಾರ್ಲೆಯ ಅಧಿಕಾರಿಗಳು ಮೇರಿಸ್‌ವಿಲ್‌ನ ಹೋಂಡಾ ಕಾರ್ಖಾನೆಗೇ ಹೋಗಿ ಕೆಲಸ ನೋಡಿ ಬಂದಿದ್ದರು. ಬಿಡಿಭಾಗಗಳನ್ನು ತಿಂಗಳುಗಟ್ಟಲೆ ಗುಡ್ಡೆ ಹಾಕದೆ ಬೇಕಾದಾಗ ಬೇಕಾದಷ್ಟೇ ತರಿಸುವುದು, ತಪ್ಪು ಕಂಡರೆ ಅಲ್ಲೇ ಸರಿಪಡಿಸುವುದು, ಲೇಥ್ ಮುಂದೆ ನಿಂತವನ ಮಾತನ್ನೂ ಕೇಳುವುದು, ಇವನ್ನೆಲ್ಲ ಜಪಾನಿನವರಿಂದ ಕಲಿತು ತಂದರು. ಎಣ್ಣೆ ಸೋರದ ಹೊಸ ಎವಲ್ಯೂಷನ್ ಇಂಜಿನ್ ಬಂತು. 1987ರಲ್ಲಿ, ಅವಧಿ ಇನ್ನೂ ಒಂದು ವರ್ಷ ಇರುವಾಗಲೇ, ಸುಂಕ ಸಾಕು ಅಂತ ಹಾರ್ಲೆಯೇ ಸರ್ಕಾರಕ್ಕೆ ಹೇಳಿತು. ನನಗೆ ಈ ಕಂಪನಿಯ ಮೇಲೆ ಗೌರವ ಮೂಡಿದ್ದು ಇಲ್ಲಿ. 2018ರಲ್ಲಿ ಭಾರತ ಹಾರ್ಲೆ ಮೇಲೆ 50 ಪ್ರತಿಶತ ಸುಂಕ ಹಾಕುತ್ತದೆ, ಇದು ಅನ್ಯಾಯ ಅಂತ ಟ್ರಂಪ್ ಮತ್ತೆ ಮತ್ತೆ ಹೇಳುತ್ತಿದ್ದಾಗ ನಮ್ಮ ಕನ್ನಡ ಸಂಘದ ಊಟದಲ್ಲೂ ಅದೇ ಚರ್ಚೆ. 1983ರ ಲೆಕ್ಕ ಅಲ್ಲಿ ಯಾರಿಗೂ ನೆನಪಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಈ ಜಗಳದ ಗೆರೆಯೇ ಅಳಿಸಿಹೋಗುತ್ತದೆ. 1930ರ ದಶಕದ ಬಡತನದಲ್ಲಿ ಹಾರ್ಲೆ ತನ್ನ ಬೈಕ್ ತಯಾರಿಸುವ ಹಕ್ಕನ್ನು ಜಪಾನಿಗೆ ಮಾರಿತ್ತು. ಅಲ್ಲಿ ಅದೇ ಗಾಡಿ ರಿಕುಓ ಅನ್ನೋ ಹೆಸರಲ್ಲಿ ತಯಾರಾಗಿ ಜಪಾನಿನ ಸೈನ್ಯಕ್ಕೂ ಹೋಯಿತು. ಸೌತ್ ಡಕೋಟದ ಸ್ಟರ್ಜಿಸ್‌ನಲ್ಲಿ ಪ್ರತಿ ಆಗಸ್ಟಿನಲ್ಲಿ ನಡೆಯುವ ದೊಡ್ಡ ಜಾತ್ರೆಯನ್ನು ಈಗ ಎಲ್ಲರೂ ಹಾರ್ಲೆ ಹಬ್ಬ ಅಂದುಕೊಳ್ಳುತ್ತಾರೆ. 1938ರಲ್ಲಿ ಅದನ್ನು ಶುರುಮಾಡಿದ ಕ್ಲಾರೆನ್ಸ್ ಹೋಯೆಲ್ ಮಾರುತ್ತಿದ್ದದ್ದು ಹಾರ್ಲೆಯ ಎದುರಾಳಿಯಾದ, ‘ಇಂಡಿಯನ್’ ಅನ್ನೋ ಹೆಸರಿನ ಅಮೆರಿಕದ್ದೇ ಕಂಪನಿಯ ಬೈಕುಗಳನ್ನು.

ಶಬ್ದದ ವಿಷಯ ಬಿಟ್ಟರೆ ಬೈಕಿನವರು ನನ್ನನ್ನು ಕ್ಷಮಿಸುವುದಿಲ್ಲ. ಹಾರ್ಲೆಯ ಹೆಸರಾಂತ ಇಂಜಿನ್ನಿನಲ್ಲಿ ಎರಡು ಸಿಲಿಂಡರ್ 45 ಡಿಗ್ರಿ ಕೋನದಲ್ಲಿ ನಿಂತಿರುತ್ತವೆ, ಎರಡೂ ಪಿಸ್ಟನ್ನಿನ ರಾಡು ಕ್ರ್ಯಾಂಕಿನ, ಅಂದರೆ ಪಿಸ್ಟನ್ನಿನ ಏರಿಳಿತದಿಂದ ಸುತ್ತುವ ದಂಡದ, ಒಂದೇ ಪಿನ್ನಿಗೆ ಕೂತಿರುತ್ತವೆ. ಹಾಗಾಗಿ ಕ್ರ್ಯಾಂಕ್ ಒಂದು ಸಲ 315 ಡಿಗ್ರಿ ಸುತ್ತಿದಾಗ, ಇನ್ನೊಂದು ಸಲ 405 ಡಿಗ್ರಿ ಸುತ್ತಿದಾಗ ಕಿಡಿ ಹೊತ್ತುತ್ತದೆ. ಎರಡು ಬಡಿತ ಹತ್ತಿರ ಹತ್ತಿರ, ಆಮೇಲೆ ಒಂದು ತಡೆ. ಕುಂಟುತ್ತಾ ನಡೆಯುವ ಆ ಲಯವೇ ಅದರ ಜೀವ. 1994ರಲ್ಲಿ ಹಾರ್ಲೆ ಈ ಶಬ್ದಕ್ಕೇ ಟ್ರೇಡ್‌ಮಾರ್ಕ್ ಕೇಳಿತು. ಬೇರೆ ಕಂಪನಿಗಳು ತಕರಾರು ತೆಗೆದವು, 2000ದಲ್ಲಿ ಹಾರ್ಲೆ ಅರ್ಜಿ ವಾಪಸ್ ಪಡೆಯಿತು. ಅದೇ ಹೊತ್ತಲ್ಲಿ ಹೋಂಡಾ ಏನು ಮಾಡಿತು ಗೊತ್ತಾ? ಶ್ಯಾಡೋ ಇಂಜಿನ್ ನುಣ್ಣಗೆ ಓಡಲಿ ಅಂತ ತಾನೇ ಹಾಕಿದ್ದ ಎರಡು ಪಿನ್ನಿನ ಕ್ರ್ಯಾಂಕ್ ತೆಗೆದು, ಒಂದೇ ಪಿನ್ನಿನದು ಹಾಕಿ, ಶ್ಯಾಡೋ ಎಸಿಇ ಅಂತ ಮಾರಿತು. ಎಸಿಇ ಅಂದರೆ ಅಮೆರಿಕನ್ ಕ್ಲಾಸಿಕ್ ಎಡಿಷನ್. ನನ್ನ ಹತ್ತಿರ ಇರುವುದು ಅದೇ. ಶಕ್ತಿ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ, ಆ ಬಡಿತ ಬೇಕು ಅಂತ ಎಂಜಿನಿಯರುಗಳು ಒಪ್ಪಿದರಲ್ಲ, ಎದುರಾಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನಿದೆ?

ಶಿಕಾಗೋದಲ್ಲಿರುವ ಹಾಸನದ ಗೆಳೆಯ ಈಗ ಬೈಕ್ ತಗೊಳ್ಳುವ ಹುಮ್ಮಸ್ಸಿನಲ್ಲಿದ್ದಾನೆ. ಮೊನ್ನೆ ಫೋನ್ ಮಾಡಿದ. “ಗುರೂ, ಒಂದೇ ಮಾತಲ್ಲಿ ಹೇಳಿಬಿಡು. ಹಾರ್ಲೆನಾ, ಜಪಾನಾ?”

“ಯಾಕೆ ತಗೊಳ್ತಿದೀಯ ಅದನ್ನ ಮೊದಲು ಹೇಳು ಮಾರಾಯ.”

“ಹೆಂಡತಿನ ಕೂರಿಸ್ಕೊಂಡು ದೂರ ಹೋಗ್ಬೇಕು ಕಣೋ. ಕೊಲರಾಡೋ ಕಡೆ.”

ಹಾಗಾದರೆ ಹಳೆಯ ಗೋಲ್ಡ್ ವಿಂಗ್ ಅಂದೆ, ಅದೂ ಓಹಾಯೋದ್ದು ಸಿಕ್ಕರೆ. ಆರು ಸಿಲಿಂಡರ್, ನೀರಿನಿಂದ ತಂಪಾಗುವ ಇಂಜಿನ್, ಚೈನಿನ ರಗಳೆ ಇಲ್ಲ. ದಿನವಿಡೀ ಕೂತರೂ ಹಿಂದೆ ಕೂತವರ ಬೆನ್ನು ನೋಯುವುದು ಕಮ್ಮಿ. ಗ್ಯಾರೇಜಿನಲ್ಲಿ ಕೂತು ಸ್ಪ್ಯಾನರ್ ಹಿಡಿಯುವ ಹುಚ್ಚಿದ್ದರೆ, ಗಾಡಿಯನ್ನು ತನಗೆ ಬೇಕಾದ ಹಾಗೆ ಬದಲಾಯಿಸಬೇಕು ಅಂತಿದ್ದರೆ ಹಾರ್ಲೆ. ಹಳೇ ಮಾಡೆಲ್ಲಿಗೂ ಇವತ್ತಿಗೂ ಬಿಡಿಭಾಗ ಸಿಗುತ್ತದೆ, ಈ ವಿಷಯದಲ್ಲಿ ಜಪಾನಿನ ಯಾವ ಕಂಪನಿಯೂ ಅದರ ಹತ್ತಿರ ಬರುವುದಿಲ್ಲ. ಯಾವುದನ್ನೇ ತಗೊಂಡರೂ ಚಾಸಿ ನಂಬರ್ ನೋಡಿ, ಪೇಪರ್ ಜೊತೆ ತಾಳೆ ಹಾಕಿ ತಗೋ ಅಂದೆ. ಇಲ್ಲಿಯ ಕಾನೂನು ಬಿಟ್ಟಿದೆ ಅಂತ ಹೆಲ್ಮೆಟ್ ಇಲ್ಲದೆ ಓಡಿಸುವವರು ಬೇಕಾದಷ್ಟು ಜನ ಸಿಗುತ್ತಾರೆ, ಅವರನ್ನು ನೋಡಿ ನೀನು ಬಿಡಬೇಡ ಅಂತಲೂ ಹೇಳಿದ್ದೇನೆ. ಪಕ್ಕದ ಮನೆಯ ಹಿರಿಯರಿಗೆ ಈ ಸಲಹೆ ಹೇಳಿದಾಗ ಹೆಲ್ಮೆಟ್ ಮಾತಿಗೆ ತಲೆಯಾಡಿಸಿದರು, ಗೋಲ್ಡ್ ವಿಂಗ್ ಮಾತಿಗೆ ಮಾತ್ರ ಅರ್ಧ ಗಂಟೆ ವಾದ ಮಾಡಿದರು. ಬರುವ ಶನಿವಾರ ಗೆಳೆಯನನ್ನು ಇಲ್ಲಿಗೇ ಕರೆಸು, ನನ್ನ ಗ್ಲೈಡ್ ಒಂದು ಸುತ್ತು ಓಡಿಸಿ ನೋಡಲಿ, ಆಮೇಲೆ ಹೇಳಲಿ ಅಂದಿದ್ದಾರೆ.