ಕಲ್ಲಿನ ಆಚೆ ಕಡೆಯವರು

"ಊಟ ತಂದಿಟ್ಟವರು ಯಾರೇ?" ಭಾನುವಾರದಿಂದ ಅಮ್ಮನ ಈ ಮಾತೇ ತಲೆಯಲ್ಲಿ ಕೂತಿದೆ.

ಶೆಫೀಲ್ಡಿನಿಂದ ಅಮ್ಮನನ್ನು ಈಮ್‌ಗೆ ಕರೆದುಕೊಂಡು ಹೋಗಿದ್ದೆ. ಇಂಗ್ಲೆಂಡಿನ ಡರ್ಬಿಶೈರಿನ ಗುಡ್ಡಗಳ ನಡುವಿನ ಸಣ್ಣ ಹಳ್ಳಿ. 1665ರಲ್ಲಿ ಲಂಡನ್ನಿನಿಂದ ಇಲ್ಲಿನ ಟೈಲರ್ ಒಬ್ಬನ ಮನೆಗೆ ಬಂದ ಬಟ್ಟೆಯ ಗಂಟಿನಲ್ಲೇ ಪ್ಲೇಗಿನ ಚಿಗಟವೂ ಬಂತು ಅನ್ನುತ್ತಾರೆ. ಅಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಕರ್ಸ್ ಸೆಪ್ಟೆಂಬರಿನಲ್ಲಿ ಸತ್ತ. ಆಮೇಲೆ ಮನೆಮನೆಗೂ ಹಬ್ಬಿತು. ಮರುವರ್ಷ ಜೂನಿನಲ್ಲಿ ಪಾದ್ರಿ ವಿಲಿಯಂ ಮೊಂಪೆಸನ್, ಹಳೇ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಇಬ್ಬರೂ ಸೇರಿ ಊರವರನ್ನು ಒಪ್ಪಿಸಿದರು: ರೋಗ ಪಕ್ಕದ ಊರಿಗೆ ಹೋಗಬಾರದು, ಯಾರೂ ಗಡಿ ದಾಟಬಾರದು. ಎಲ್ಲ ಮುಗಿಯುವ ಹೊತ್ತಿಗೆ ಸುಮಾರು 260 ಜನ ಸತ್ತಿದ್ದರು.

ಮೊಂಪೆಸನ್ ತನ್ನ ಮಕ್ಕಳನ್ನು ಮಾತ್ರ ಮೊದಲೇ ಹೊರಗೆ ಕಳಿಸಿದ್ದ. ಅದು ನನಗೆ ಸರಿ ಕಾಣಲ್ಲ. ಅವನ ಹೆಂಡತಿ ಕ್ಯಾಥರೀನ್ ದೊಡ್ಡ ಮನಸ್ಸಿನವಳು. ಊರಲ್ಲೇ ಉಳಿದಳು, ಆಗಸ್ಟಿನಲ್ಲಿ ಸತ್ತಳು. ಅದೇ ತಿಂಗಳು ಎಲಿಜಬೆತ್ ಹ್ಯಾನ್‌ಕಾಕ್ ಅನ್ನೋ ತಾಯಿ 8 ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಮಣ್ಣು ಮಾಡಿದಳು. ಹೊಲದ ನಡುವೆ ಇರುವ ಆ ಸಮಾಧಿಗಳ ಮುಂದೆ ಅಮ್ಮ ಚಪ್ಪಲಿ ಬಿಟ್ಟು ನಿಂತಳು.

ಆಮೇಲೆ ಸ್ಟೋನಿ ಮಿಡಲ್ಟನ್ ಕಡೆಗೆ ಇಳಿಯುವ ದಾರಿಯಲ್ಲಿ ಗಡಿಕಲ್ಲು ಸಿಕ್ಕಿತು. ಮೇಲೆ ಆರು ಗುಳಿಗಳು. ಈಮ್‌ನವರು ದುಡ್ಡಿನಿಂದ ರೋಗ ಹರಡದಿರಲಿ ಅಂತ ಅದರಲ್ಲಿ ವಿನಿಗರ್ ತುಂಬಿ ದುಡ್ಡು ಹಾಕಿ ಹಿಂದೆ ಸರಿಯುತ್ತಿದ್ದರು. ಕೆಳಗಿನ ಊರವರು ಊಟ, ಔಷಧಿ ಇಟ್ಟು ದುಡ್ಡು ತಗೊಳ್ಳುತ್ತಿದ್ದರು. ಅಮ್ಮ ಒಂದು ಗುಳಿಯೊಳಗೆ ಬೆರಳಿಟ್ಟಳು. ಅಂಚು ಸವೆದು ನುಣ್ಣಗಾಗಿತ್ತು. ಮಳೆ ನೀರು ನಿಂತಿತ್ತು.

"ಊಟ ತಂದಿಟ್ಟವರು ಯಾರೇ?"

ಚಾಟ್ಸ್‌ವರ್ತಿನ ದೊಡ್ಡ ಜಮೀನ್ದಾರ ಡೆವನ್‌ಶೈರ್ ಅರ್ಲ್ ನೆರವಾಗಿದ್ದ, ಸುತ್ತಲಿನ ಊರವರೂ ತರುತ್ತಿದ್ದರು ಅಂದೆ.

"ಅರ್ಲ್ ಇರಲಿ ಕಣೇ. ಹೊತ್ಕೊಂಡು ಈ ಕಲ್ಲಿನವರೆಗೂ ಬಂದವರು? ಅವರಿಗೂ ಮಕ್ಕಳು ಇದ್ವು ತಾನೇ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟು ಸಲ ಈಮ್‌ಗೆ ಬಂದಿದ್ದೇನೆ, ಪ್ರತಿ ಸಲ ಒಳಗೆ ಉಳಿದವರ ಬಗ್ಗೆಯೇ ಯೋಚಿಸಿದ್ದೇನೆ.

ಅಮ್ಮ ಸುಮ್ನೆ ಕೇಳಿದ್ದಲ್ಲ. ನಮ್ಮ ಹಳ್ಳಿಯಲ್ಲಿ ಇಲಿ ಸತ್ತು ಬಿದ್ದರೆ ಪ್ಲೇಗ್ ಬಂತು ಅಂತ ಊರೇ ಖಾಲಿಯಾಗಿ ಹೊಲದಲ್ಲಿ ಗುಡಿಸಲು ಏಳುತ್ತಿದ್ದವಂತೆ. ಅವಳ ಅಜ್ಜಿಯ ಮನೆಯವರು ಹಾಗೆ ಮಳೆಯಲ್ಲಿ ಕೂತಿದ್ದಾಗ ಪಕ್ಕದ ಊರವರು ಬಾವಿ ಹತ್ತಿರವೂ ಸೇರಿಸಲಿಲ್ಲವಂತೆ. ಅವರನ್ನು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಅಷ್ಟು ಹೆದರಿಕೆ ಅದು.

ಅದಕ್ಕೇ ಕೆಳಗಿನ ಊರಿನವರು ಜಾಸ್ತಿ ಕಾಡುತ್ತಿದ್ದಾರೆ. ಬೆಳಗಾದರೆ ಬುಟ್ಟಿ ಹೊತ್ತು ಗುಡ್ಡ ಹತ್ತಬೇಕು. ಮನೆಯಲ್ಲಿ ಬೇಡ ಅಂದಿರುತ್ತಾರೆ. ವಿನಿಗರಿನೊಳಗೆ ಬೆರಳದ್ದಿ ದುಡ್ಡು ತೆಗೀಬೇಕು.

ಹೊರಡುವಾಗ ಅಮ್ಮ ಬ್ಯಾಗಿನಲ್ಲಿದ್ದ ಚಪಾತಿ ಪೊಟ್ಟಣವನ್ನು ಕಲ್ಲಿನ ಮೇಲೆ ಒಂದು ಕ್ಷಣ ಇಟ್ಟಳು. ಆಮೇಲೆ ತೆಗೆದುಕೊಂಡು, ಅರ್ಧ ನನಗೆ ಕೊಟ್ಟಳು.