ಹಳೇ ಅಮೆರಿಕನ್ ಸಾಹಿತ್ಯದಲ್ಲಿ ಕೂಲಿ ಜನ ಎಲ್ಲಿ ಅಂತ ಕೇಳೋರಿಗೆ

ಹಳೇ ಅಮೆರಿಕನ್ ಸಾಹಿತ್ಯ ಓದ್ತೀನಿ ಅಂದ್ರೆ ಸಾಕು, ಎಲ್ರೂ ಕೇಳೋದು ಇದೇ: "ಅದೆಲ್ಲ ಪಾದ್ರಿಗಳು, ಲಾಯರ್‌ಗಳು ಬರ್ದಿದ್ದಲ್ವಾ, ದುಡಿಯೋ ಜನ ಎಲ್ಲಿದಾರೆ ಅದ್ರಲ್ಲಿ?" ಬೆಂಜಮಿನ್ ಫ್ರಾಂಕ್ಲಿನ್ ಹೆಸ್ರು ಹೇಳಿ ತಪ್ಪಿಸ್ಕೋಬಹುದು. 12ನೇ ವಯಸ್ಸಿಗೆ ಅಣ್ಣನ ಪ್ರೆಸ್ಸಲ್ಲಿ ಕೆಲಸ ಕಲಿಯೋಕೆ ಸೇರಿದವನು, ಅಷ್ಟು ದೊಡ್ಡ ಮನುಷ್ಯ ಆದ್ಮೇಲೂ ವಿಲ್‌ನಲ್ಲಿ ತಾನು ಮುದ್ರಕ ಅಂತ್ಲೇ ಬರೆಸ್ಕೊಂಡ. ಆದ್ರೂ ಅವನು ಗೆದ್ದು ಕೂತ್ಮೇಲೆ ಬರೆದವನು.

ನನಗೆ ಇಷ್ಟ ಮ್ಯಾಸಚೂಸೆಟ್ಸ್‌ನ ಲೊವೆಲ್ ಊರಿನ ಬಟ್ಟೆ ಮಿಲ್ ಹುಡುಗೀರು. ರೈತರ ಮನೆ ಹೆಣ್ಮಕ್ಕಳು, ಕಂಪನಿ ಬೋರ್ಡಿಂಗ್ ಮನೇಲಿ ವಾಸ, ದಿನಕ್ಕೆ 12-13 ಗಂಟೆ ದುಡಿತ, ಇದ್ರ ಮಧ್ಯೆ 1840ರಿಂದ 'ಲೊವೆಲ್ ಆಫರಿಂಗ್' ಅಂತ ಪತ್ರಿಕೆ, ಬರೆಯೋರೆಲ್ಲ ಮಿಲ್ ಹೆಂಗಸರೇ. ಲೂಸಿ ಲಾರ್ಕಮ್ ಅನ್ನೋಳು 11ನೇ ವಯಸ್ಸಿಗೆ ನೂಲು ತುಂಬಿದ ಬಾಬಿನ್ (ನೂಲು ಸುತ್ತೋ ಉರುಳೆ) ತೆಗೆದು ಖಾಲಿದು ಹಾಕೋ ಕೆಲಸಕ್ಕೆ ಸೇರಿದ್ಲು. ಒಳಗೆ ಪುಸ್ತಕ ತರಂಗಿಲ್ಲ ಅಂತ ರೂಲು, ಅದಕ್ಕೆ ಪೇಪರ್‌ನಲ್ಲಿ ಬಂದ ಕವಿತೆ ಕತ್ತರಿಸಿ ಕಿಟಕಿ ಪಕ್ಕ ಅಂಟಿಸ್ಕೊಂಡಿದ್ಲು! (ಅವರು ನೇಯ್ತಿದ್ದ ಹತ್ತಿ ದಕ್ಷಿಣದ ಗುಲಾಮರು ಬಿಡಿಸಿದ್ದು. ಆಮೇಲೆ ಲೂಸಿ ಅದ್ರ ಬಗ್ಗೇನೂ ಕವಿತೆ ಬರೆದ್ಲು.)

1840ರಲ್ಲೇ ಬ್ರೌನ್ಸನ್ ಅನ್ನೋ ಲೇಖಕ, ಕೂಲಿಕಾರರ ಪರವಾಗೇ ಬರೀತಾ, 'ಫ್ಯಾಕ್ಟ್ರಿಲಿ ಕೆಲ್ಸ ಮಾಡಿದಾಳೆ' ಅನ್ನೋ ಮಾತೊಂದೇ ಸಾಕು, ಎಂಥ ಒಳ್ಳೆ ಹುಡುಗಿ ಹೆಸ್ರೂ ಹಾಳಾಗುತ್ತೆ ಅಂದ. ಹುಡುಗೀರಿಗೆ ಕೋಪ ಬಂತು. ಆಫರಿಂಗ್ ಪತ್ರಿಕೇಲಿ ಖಾರವಾಗಿ ಒಂದು ಉತ್ತರ ಬಂತು, ಕೆಳಗಿನ ಸಹಿ 'ಫ್ಯಾಕ್ಟ್ರಿ ಹುಡುಗಿ' ಅಂತ. ನಿಮ್ಮ ಕನಿಕರ ನಮಗೆ ಬೇಡ ಅನ್ನೋ ಧಾಟಿ, ನನಗಂತೂ ತುಂಬ ಇಷ್ಟ.

ಆದ್ರೆ ಈ ಪತ್ರಿಕೆ ಮೇಲೆ ನನಗೆ ಒಂದು ತಕರಾರಿದೆ. 1834, 1836ರಲ್ಲಿ ಇದೇ ಊರಲ್ಲಿ ಹುಡುಗೀರು ಸ್ಟ್ರೈಕ್ ಮಾಡಿದ್ರು, ಎರಡನೇ ಸಲ 11 ವರ್ಷದ ಹ್ಯಾರಿಯೆಟ್ ಹ್ಯಾನ್ಸನ್ ಅನ್ನೋ ಮಿಲ್ ಹುಡುಗಿ ಕೂಡ ಕೆಲಸ ಬಿಟ್ಟು ಹೊರಗೆ ನಡೆದಿದ್ಲು. ಆಫರಿಂಗ್ ಸಂಪಾದಕಿಯರು ಮಾತ್ರ ಸಂಬಳ, ಊಟ-ವಸತಿ ವಿಷಯ ನಮಗೆ ಬೇಡ ಅಂದ್ಬಿಟ್ರು. ಸಂಬಳದ ಮಾತಿಲ್ಲದ ಕೂಲಿಯವರ ಪತ್ರಿಕೆ ಎಂಥದ್ದು ಹೇಳಿ? ಸಾರಾ ಬ್ಯಾಗ್ಲಿ ಅನ್ನೋ ಮಿಲ್ ಕೆಲಸಗಾರ್ತಿ 1845ರಲ್ಲಿ ನನ್ನ ಬರಹ ವಾಪಸ್ ಕಳಿಸಿದ್ರು ಅಂತ ಎಲ್ರೆದುರೇ ಜಗಳ ತೆಗೆದ್ಲು, 'ವಾಯ್ಸ್ ಆಫ್ ಇಂಡಸ್ಟ್ರಿ' ಅನ್ನೋ ಪೇಪರ್ ಸೇರಿ ದಿನಕ್ಕೆ 10 ಗಂಟೆ ಕೆಲಸ ಸಾಕು ಅಂತ ಬರೆಯೋಕೆ ಶುರು ಮಾಡಿದ್ಲು. ಅದೇ ವರ್ಷದ ಕೊನೆಗೆ ಆಫರಿಂಗ್ ನಿಂತೋಯ್ತು.

ಓದೋದಾದ್ರೆ ಎರಡೂ ಪತ್ರಿಕೆ ಪಕ್ಕಪಕ್ಕ ಇಟ್ಕೊಂಡು ಓದಿ, ಮೊದ್ಲು ಬ್ಯಾಗ್ಲಿದು.