ಬಾಗಿಲಿಗೆ ಪೊರಕೆ ಕಟ್ಟಿದ ಮನೆಗಳು

ಶನಿವಾರ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಎಸ್-ಬಾನ್ ಎಂಬ ಲೋಕಲ್ ರೈಲು ಹತ್ತಿ ಪಕ್ಕದ ರೆಮ್ಸ್ ಕಣಿವೆಗೆ ಹೋಗಿದ್ದೆವು. ಎಂಡರ್ಸ್‌ಬಾಖ್‌ನಲ್ಲಿ ಇಳಿದು ದ್ರಾಕ್ಷಿ ತೋಟಗಳ ನಡುವೆ ಸುಮ್ನೆ ನಡೆದೆವು. ಬಾಗಿಲಲ್ಲಿ ಪೊರಕೆ ತೂಗಿದ್ದರೆ ಆ ದ್ರಾಕ್ಷಿ ರೈತರ ಮನೆ ಇವತ್ತು ವೈನ್ ಕುಡಿಯಲು, ತಿನ್ನಲು ಬರುವವರಿಗೆ ತೆರೆದಿದೆ ಅಂತ. ವರ್ಷಕ್ಕೆ ಹೆಚ್ಚೆಂದರೆ 4 ತಿಂಗಳು, 40 ಜನಕ್ಕೆ ಜಾಗ, ತಮ್ಮದೇ ವೈನ್. ನಿಯಮವೇ ಹಾಗಿದೆ.

ಉದ್ದ ಬೆಂಚು, ಪಕ್ಕದಲ್ಲಿ ಗುರುತಿಲ್ಲದವರು. ಅಜ್ಜಿ ಬಡಿಸುತ್ತಾರೆ, ಮೊಮ್ಮಗ ಲೆಕ್ಕ ಬರೆಯುತ್ತಾನೆ. ಹಿಡಿಕೆ ಇರುವ ಕಾಲು ಲೀಟರ್ ಗಾಜಿನ ಲೋಟದಲ್ಲಿ ತಿಳಿಗೆಂಪು ಟ್ರೊಲ್ಲಿಂಗರ್ ವೈನ್, ಜೊತೆಗೆ ಬಿಸಿ ಈರುಳ್ಳಿ ಕೇಕ್. ದೊಡ್ಡ ಹೆಸರಿನ ವೈನ್ ಅಲ್ಲ, ಹಗುರ. ನನಗೆ ಅದೇ ತುಂಬಾ ಇಷ್ಟವಾಯಿತು. ಬೆಳೆದವರೇ ಮುಂದೆ ನಿಂತು ‘ಹೇಗಿದೆ?’ ಎಂದು ಕೇಳುತ್ತಾರಲ್ವಾ!

ಆಗ ಚಿಕ್ಕಬಳ್ಳಾಪುರದ ಕಡೆಯ ತೋಟಗಳು ನೆನಪಾದವು. ಬೆಂಗಳೂರು ಬ್ಲೂ ದ್ರಾಕ್ಷಿಗೆ 2013ರಲ್ಲೇ ಜಿಐ ಟ್ಯಾಗ್ (ಆ ಪ್ರದೇಶದ್ದೇ ಬೆಳೆ ಎಂಬ ಅಧಿಕೃತ ಗುರುತು) ಸಿಕ್ಕಿದೆ. ಆದರೆ ಬೆಳೆದವರ ಮುಖ ನಮಗೆಷ್ಟು ಗೊತ್ತು? ಅಲ್ಲಿನ ಸಣ್ಣ ರೈತರಿಗೂ ವರ್ಷದಲ್ಲಿ ಕೆಲವು ತಿಂಗಳು ಹೀಗೆ ಮನೆಯಂಗಳದಲ್ಲೇ ಮಾರಲು ಅವಕಾಶ ಸಿಗಬೇಕು. ವೈನ್ ಬೇಡವೆಂದರೆ ಜ್ಯೂಸ್ ಆದರೂ ಸರಿ. ಊರಿಗೆ ಬಂದಾಗ ಮೊದಲ ಗಿರಾಕಿ ನಾನೇ.